ಸ್ಟುಟ್‌ಗಾರ್ಟ್‌ಗೆ ಬರುವವರಿಗೆ: ಜರ್ಮನ್ ಬರುವ ಬಗೆ

ಪತ್ನಿ ಮತ್ತು ಮಗುವಿನೊಡನೆ ಸ್ಟುಟ್‌ಗಾರ್ಟ್‌ಗೆ ಬರಲಿರುವ ನೀವು, ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ಇರುವಾಗ ಜರ್ಮನ್ ಬೇಕೇ, ಬೇಕೆಂದರೆ ಎಷ್ಟು ದಿನಕ್ಕೆ ಬಂದೀತು ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಬ್ಲೂ ಕಾರ್ಡ್ (ಹೊರದೇಶದ ಉನ್ನತ ವಿದ್ಯಾವಂತ ನೌಕರರಿಗೆ ಕೊಡುವ ವಾಸದ ಪರವಾನಗಿ) ಹೊಂದಿರುವವರು ಕಾಯಂ ವಾಸದ ಪರವಾನಗಿಗೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಜರ್ಮನ್ ಇದ್ದರೆ 27 ತಿಂಗಳಿಗೆ, ದಿನಬಳಕೆಯ ಮಾತನ್ನು ನಿಭಾಯಿಸಬಲ್ಲ ಬಿ1 ಮಟ್ಟ ಇದ್ದರೆ 21 ತಿಂಗಳಿಗೆ ಅರ್ಜಿ ಹಾಕಬಹುದಾದ್ದರಿಂದ ಪರೀಕ್ಷೆಯಂತೂ ತಪ್ಪಿದ್ದಲ್ಲ.

ಎರಡನೆಯದಕ್ಕೆ ಇಷ್ಟೇ ದಿನ ಎನ್ನಲಾಗದು. ಪರೀಕ್ಷೆ ಪಾಸಾದರೂ ಭಾಷೆ ನಾಲಿಗೆಗೆ ಹತ್ತದವರು ಇಲ್ಲಿ ಬಹಳ ಮಂದಿ ಇದ್ದಾರೆ. ಇಟಲಿ, ಸ್ಪೇನ್‌ಗಳಿಂದ ದುಡಿಯಲು ಬಂದು, ಹೆಚ್ಚಾಗಿ ತರಗತಿಯ ನೆರವಿಲ್ಲದೆಯೇ ಜರ್ಮನ್ ಕಲಿತ ಕಾರ್ಮಿಕರ ಮಾತನ್ನು ಮೈಸೆಲ್, ಕ್ಲಾಸೆನ್, ಪೀನೆಮಾನ್ ಎಂಬ ಭಾಷಾವಿಜ್ಞಾನಿಗಳು ಅಧ್ಯಯನ ಮಾಡಿ, ಅವರಿಗೆ ವಾಕ್ಯರಚನೆ ಒಂದೇ ಕ್ರಮದಲ್ಲಿ ಒದಗುತ್ತದೆ ಎಂದು 1981ರಲ್ಲಿ ತೋರಿಸಿದರು. ಕಲಿಯುವವನು ಮೊದಮೊದಲು ‘ಹೊಯ್ಟೆ ಇಖ್ ಗೇಹೆ’ (ಪದಶಃ ‘ಇವತ್ತು ನಾನು ಹೋಗುತ್ತೇನೆ’) ಎಂದು ತಪ್ಪಾಗಿಯೇ ಹೇಳುತ್ತಾನೆ, ಕ್ರಿಯಾಪದ ಎರಡನೆಯ ಸ್ಥಾನಕ್ಕೆ ಬರುವ ‘ಹೊಯ್ಟೆ ಗೇಹೆ ಇಖ್’ ಎಂಬ ಸರಿಯಾದ ಕ್ರಮ ತಡವಾಗಿ ಬರುತ್ತದೆ, ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕೊನೆಗಿಡುವುದು ಎಲ್ಲಕ್ಕಿಂತ ಕೊನೆಗೆ. ನಡುವಿನ ಹಂತವನ್ನು ಹಾರಿಸಿ ಮುಂದಿನದನ್ನು ಪಾಠ ಮಾಡಿದರೆ ಅದು ನಿಲ್ಲುವುದಿಲ್ಲ ಎಂಬುದು ಪೀನೆಮಾನ್ ಅವರ ಮುಂದಿನ ವಾದ. ಕ್ರಿಯಾಪದವನ್ನು ಹೇಗೂ ಕೊನೆಗಿಡುವ ಕನ್ನಡಿಗರಿಗೆ ಉಪವಾಕ್ಯದ ಈ ಕ್ರಮ ಸಲೀಸಾಗಬೇಕಿತ್ತು. ಆದರೆ ಇಂಗ್ಲಿಷನ್ನು ಊರುಗೋಲಾಗಿ ಹಿಡಿದು ಕಲಿಯುವುದರಿಂದಲೋ ಏನೋ, ನಮ್ಮವರ ಜರ್ಮನ್ ಇಂಗ್ಲಿಷಿನ ಜಾಡಿನಲ್ಲೇ ಸಾಗುತ್ತದೆ.

ಹಾಗಾಗಿ ನಾಮಪದದ ಲಿಂಗ ತೋರಿಸುವ ‘ಡೇರ್, ಡೀ, ದಾಸ್’ಗಳ ಪಟ್ಟಿ ಉರುಹೊಡೆಯುವುದಕ್ಕಿಂತ, ಅರ್ಥವಾಗುವಷ್ಟು ಸರಳವಾದ ಮಾತು ದಿನವೂ ಕಿವಿಗೆ ಬೀಳುವಂತೆ ನೋಡಿಕೊಳ್ಳಿ. ಬೇಕರಿಯಲ್ಲಿ ಬ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ಡು ಕಟ್ಟಿಕೊಡುವಾಕೆ ‘ಸೊನ್ಸ್ಟ್ ನೊಖ್ ವಾಸ್?’ (ಇನ್ನೇನಾದರೂ ಬೇಕೇ?) ಎಂದು ಎಲ್ಲರನ್ನೂ ಕೇಳುತ್ತಾಳೆ, ಮುಂದೆ ನಿಂತವರು ‘ನೈನ್, ದಾಸ್ ವೇರ್ಸ್’ (ಇಲ್ಲ, ಅಷ್ಟೇ ಸಾಕು) ಎನ್ನುತ್ತಾರೆ. ನಾಲ್ಕು ದಿನ ಸಾಲಿನಲ್ಲಿ ನಿಂತರೆ ವ್ಯಾಕರಣ ತಿಳಿಯದೆಯೇ ನೀವೂ ಅದನ್ನೇ ಹೇಳುತ್ತೀರಿ. ನಿಮ್ಮ ತಡವರಿಕೆ ಕಂಡು ಅಂಗಡಿಯವರು ಇಂಗ್ಲಿಷಿಗೆ ಹೊರಳಿದರೆ, ಜರ್ಮನ್‌ನಲ್ಲೇ ಮಾತಾಡೋಣ ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿ. ಬೆಂಗಳೂರಿನ ಬೀದಿಗಳಲ್ಲಿ ತಮಿಳು, ತೆಲುಗು ಕಲಿತವರು ಕಲಿತದ್ದು ಹೀಗೆಯೇ, ಆದರೆ ಅಲ್ಲಿ ನಂಟುಭಾಷೆಯ ಅನುಕೂಲವಿತ್ತು. ಇಲ್ಲಿ ಅದಿಲ್ಲದ್ದರಿಂದ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದ ಸಂಜೆ ತರಗತಿಯೂ ಜೊತೆಗಿರಲಿ.

ನಾನು ಕಂಡಂತೆ, ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಅಲ್ಲಿನ ತಾಯಂದಿರೊಡನೆ ಮಾತಿಗೆ ನಿಲ್ಲುವವರು ಇಂಜಿನಿಯರ್ ಪತಿಗಿಂತ ಬೇಗ ಕಲಿಯುತ್ತಾರೆ. ಅಲ್ಲಿ ಕೇಳಿಬರುವ ಶ್ವೇಬಿಷ್ ಎಂಬ ಈ ಸೀಮೆಯ ಆಡುಮಾತು ಪುಸ್ತಕದ ಜರ್ಮನ್‌ನಂತಿರುವುದಿಲ್ಲ. ಅದು ಅರ್ಥವಾಗಲಿಲ್ಲವೆಂದು ಮೊದಲ ವರ್ಷ ಎದೆಗುಂದಬೇಡಿ, ಉತ್ತರ ಜರ್ಮನಿಯವರಿಗೂ ಅದು ಕಷ್ಟವೇ.