‘ಗೊತ್ತಿಲ್ಲ’ ಎನ್ನಲಾಗದ ಯಜಮಾನರು: ಒಂದು ಆಪ್ತಸಲಹೆ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ನೂಲು ಬಿಚ್ಚಾಣಿಕೆ (ರೇಷ್ಮೆಗೂಡಿನಿಂದ ನೂಲು ತೆಗೆಯುವ) ಘಟಕವೊಂದರ ಮಾಲೀಕರು ಚಿಕ್ಕಬಳ್ಳಾಪುರದ ನನ್ನ ಕೊಠಡಿಗೆ ಬಂದದ್ದು ವ್ಯಾಪಾರದ ಮಾತಿಗಲ್ಲ, ನಿದ್ದೆಗಾಗಿ. ರಕ್ತದೊತ್ತಡಕ್ಕೆ ಔಷಧ ಕೊಡುತ್ತಿದ್ದ ವೈದ್ಯರು, ಮಾತ್ರೆಯಿಂದ ಆಗುವಷ್ಟು ಆಗಿದೆ, ಇನ್ನು ಯಾರೊಡನೆಯಾದರೂ ಕುಳಿತು ಮಾತನಾಡಿ ಎಂದು ಕಳುಹಿಸಿಕೊಟ್ಟಿದ್ದರು. ವಯಸ್ಸು ನಲವತ್ತರ ಆಚೀಚೆ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ತಂದೆಯ ಕಾಲದಿಂದ ನಡೆದುಬಂದ ಘಟಕ. ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲವಂತೆ. ಆಗ ಮೊಬೈಲಿನಲ್ಲಿ ಘಟಕದ ಕ್ಯಾಮೆರಾ ತೆರೆದು, ಯಾರೂ ಇಲ್ಲದ, ಎಳೆ ತೆಗೆಯುವ ನೀರಿನ ಬೇಸಿನ್‌ಗಳನ್ನು, ನಿಂತ ರಾಟೆಗಳನ್ನು ಬೆಳಗಿನವರೆಗೆ ನೋಡುತ್ತ ಕೂರುತ್ತಿದ್ದರು. ಏನು ಹುಡುಕುತ್ತೀರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಿ ಸೋರ್ತಾ ಇದೆ ಅಂತ ನೋಡ್ತೀನಿ ಮೇಡಂ” ಎಂದರು.

ಸೋರುತ್ತಿದ್ದುದು ನಿಜವೇ ಆಗಿತ್ತು. ಎರಡು ವರ್ಷಗಳ ಹಿಂದೆ ಅವರು ಮಿಶ್ರತಳಿ ಗೂಡನ್ನು ಬಿಟ್ಟು ದ್ವಿತಳಿಯ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಬರುವ ತಳಿಯ ಬಿಳಿ ಗೂಡಿಗೆ ಬದಲಾಗಿದ್ದರು. ಸಾಲ ಮಾಡಿ, ಒಟ್ಟಿಗೆ ಹಲವು ಎಳೆ ತೆಗೆಯುವ ಮಲ್ಟಿ ಎಂಡ್ ಯಂತ್ರ ಹಾಕಿಸಿದ್ದರು. ಈ ಕಸುಬಿನಲ್ಲಿ ಲಾಭ ನಷ್ಟ ನಿಲ್ಲುವುದು ರೆಂಡಿಟಾ ಮೇಲೆ. ಅಂದರೆ ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕಾಯಿತು ಎಂಬ ಲೆಕ್ಕದ ಮೇಲೆ. ದಿನಕ್ಕೆ 100 ಕೆ.ಜಿ. ಗೂಡು ಬಿಚ್ಚುವ ಇವರ ಘಟಕದಲ್ಲಿ ರೆಂಡಿಟಾ 6.5 ಬಂದರೆ ಹದಿನೈದು ಕೆ.ಜಿ.ಗಿಂತ ಹೆಚ್ಚು ನೂಲು ಕೈಗೆ ಸಿಗುತ್ತದೆ, ಅದು 7.5ಕ್ಕೆ ಹೋದರೆ ಹದಿಮೂರು ಚಿಲ್ಲರೆಗೆ ಇಳಿಯುತ್ತದೆ. ಇವರದು ಬಹುಪಾಲು ದಿನ 7.5ರ ಬಳಿಯೇ ಇತ್ತು. ದಿನಕ್ಕೆ ಎರಡು ಕೆ.ಜಿ. ನೂಲು ತ್ಯಾಜ್ಯದ ರಾಶಿಗೆ ಹೋಗುತ್ತಿತ್ತು. ಬಂದ ನೂಲಿನಲ್ಲಿಯೂ ಗಂಟು ಹೆಚ್ಚು, ಹೊಳಪು ಕಡಿಮೆ ಎಂದು ಕೊಳ್ಳುವವರು ದರ ಮುರಿಯುತ್ತಿದ್ದರು.

ಅವರ ದೃಷ್ಟಿಯಲ್ಲಿ ಇದಕ್ಕೆಲ್ಲ ಕಾರಣ ಕೆಲಸದವರು. ಇಪ್ಪತ್ತಮೂರು ಮಂದಿಯಲ್ಲಿ ಒಂದೇ ವರ್ಷ ಒಂಬತ್ತು ಮಂದಿ ಬಿಟ್ಟುಹೋಗಿದ್ದರು; ಉಳಿದವರು ಮನಸ್ಸಿಟ್ಟು ದುಡಿಯುತ್ತಿಲ್ಲ ಎಂಬುದು ಅವರ ನೋವು. ಅದಕ್ಕಾಗಿ ಕ್ಯಾಮೆರಾ ಹಾಕಿಸಿದರು, ತ್ಯಾಜ್ಯ ಹೆಚ್ಚಾದ ಬೇಸಿನ್‌ನವರಿಗೆ ದಂಡ ಹಾಕಿದರು, ಕೆಲಸದ ಹೊತ್ತಿನಲ್ಲಿ ಮಾತು ನಿಲ್ಲಿಸಿದರು. ಘಟಕ ನಿಶ್ಶಬ್ದವಾಯಿತು, ರೆಂಡಿಟಾ ಇಳಿಯಲಿಲ್ಲ.

ನಾನು ಕೈಗಾರಿಕೆಯ ಸಲಹೆಗಾರಳಲ್ಲ. ಇಂತಹ ಪ್ರಕರಣಗಳಲ್ಲಿ ನನ್ನ ಕೆಲಸ ಎದುರಿಗೆ ಕುಳಿತವರ ಮನಸ್ಸಿಗೆ ಸಂಬಂಧಿಸಿದ್ದು. ವ್ಯಾಪಾರದ ವಿಷಯದಲ್ಲಿ ಬುದ್ಧಿ ಹೇಳಲು ಹೋದರೆ ಎರಡೂ ಕೆಡುತ್ತವೆ ಎಂಬ ಅಂಜಿಕೆ ನನಗೆ ಯಾವಾಗಲೂ ಇದೆ. ಆದ್ದರಿಂದ ಮೊದಲ ಮೂರು ಭೇಟಿಗಳಲ್ಲಿ ಘಟಕದ ಮಾತನ್ನು ನಾನಾಗಿ ಎತ್ತಲಿಲ್ಲ, ಅವರ ಕಥೆಯನ್ನಷ್ಟೇ ಕೇಳಿದೆ. ದ್ವಿತೀಯ ಪಿಯುಸಿಯಲ್ಲಿದ್ದಾಗ ತಂದೆ ತೀರಿಕೊಂಡರು. ತಿಥಿ ಮುಗಿದ ಮಾರನೆಯ ದಿನವೇ ಹತ್ತೊಂಬತ್ತರ ಹುಡುಗ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ನಿಲ್ಲಬೇಕಾಯಿತು. ಘಟಕದಲ್ಲಿದ್ದವರೆಲ್ಲ ಅವರಿಗಿಂತ ಹಿರಿಯರು, ಅವರನ್ನು ಎತ್ತಿ ಆಡಿಸಿದವರು. ಆಗ ಸೋದರಮಾವ ಒಂದು ಮಾತು ಹೇಳಿಕೊಟ್ಟರಂತೆ: “ಯಜಮಾನ ಆದೋನು ಕೆಲಸದೋರ ಮುಂದೆ ‘ಗೊತ್ತಿಲ್ಲ’ ಅನ್ನಬಾರದು, ಅಂದ್ರೆ ತಲೆ ಮೇಲೆ ಕೂತ್ಕೋತಾರೆ.” ಆ ಮಾತು ಆ ವಯಸ್ಸಿನಲ್ಲಿ ಅವರನ್ನು ಕಾಪಾಡಿರಬಹುದು, ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಇಪ್ಪತ್ತು ವರ್ಷಗಳಿಂದ ಅವರು ಘಟಕದೊಳಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೊಸ ಯಂತ್ರ ಬಂದಾಗ ಅದನ್ನು ಜೋಡಿಸಲು ಬಂದವನು ಎರಡು ದಿನ ತೋರಿಸಿ ಹೋದದ್ದನ್ನು ದೂರದಲ್ಲಿ ನಿಂತು ನೋಡಿದರೇ ಹೊರತು, ಎಲ್ಲರೆದುರು ಕುಳಿತು ಕಲಿಯಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ತಿಳಿದುಬಿಡುತ್ತದಲ್ಲ!

ಈ ಪ್ರಕರಣದ ಮೂಲ ನನಗೆ ಅಲ್ಲಿಯೇ ಕಂಡಿತು. ಕೆಲಸದವರ ಮನಸ್ಸನ್ನು ಕಟ್ಟಿಕೊಳ್ಳುವುದು ಒಂದು ಕೆಲಸ, ಮಾಲೀಕ ತನ್ನ ತಿಳಿವಳಿಕೆಯನ್ನು ಬೆಳೆಸಿಕೊಳ್ಳುವುದು ಇನ್ನೊಂದು ಕೆಲಸ ಎಂದು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಯೋಚಿಸುತ್ತೇವೆ. ಇವರ ವಿಷಯದಲ್ಲಿ ಎರಡಕ್ಕೂ ಬಾಗಿಲು ಒಂದೇ ಆಗಿತ್ತು, ಆ ಬಾಗಿಲು ಮುಚ್ಚಿತ್ತು. ಕಲಿಯುವುದನ್ನು ನಿಲ್ಲಿಸಿದವರಿಗೆ ಕೇಳಲು ಬರುವುದಿಲ್ಲ. ಕೇಳಲು ಬಾರದವರ ಹತ್ತಿರ ದುಡಿಯುವವರು, ತಮಗೆ ಗೊತ್ತಿರುವುದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ.

ನಾಲ್ಕನೆಯ ಭೇಟಿಯ ನಂತರ ಅವರೇ ಕರೆದದ್ದರಿಂದ ಒಂದು ಬೆಳಿಗ್ಗೆ ಘಟಕಕ್ಕೆ ಹೋದೆ. ಹಬೆ, ಬೆಂದ ಹುಳುವಿನ ಗಾಢವಾದ ವಾಸನೆ, ಒದ್ದೆ ನೆಲ. ಗೂಡು ಬೇಯಿಸುವ ಜಾಗದಲ್ಲಿ ಐವತ್ತೈದು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಬಿಸಿನೀರಿನಲ್ಲಿ ವರ್ಷಾನುಗಟ್ಟಲೆ ಆಡಿ ಅವರ ಬೆರಳ ತುದಿಗಳು ಬಿಳಿಚಿಕೊಂಡು ಸಿಪ್ಪೆ ಎದ್ದಿದ್ದವು. ಅವರು ಬೆಂದ ಗೂಡೊಂದನ್ನು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ನೋಡಿ, ಮತ್ತೆ ನೀರಿಗೆ ಬಿಟ್ಟು, ತಲೆಯಾಡಿಸಿದರು. ಏನಾಯಿತಮ್ಮ ಎಂದು ಕೇಳಿದೆ. ಅವರು ಮೊದಲು ಗೋಡೆಯ ಮೇಲಿನ ಕ್ಯಾಮೆರಾ ಕಡೆ ನೋಡಿದರು. ಆಮೇಲೆ ತೆಲುಗು ಬೆರೆತ ಕನ್ನಡದಲ್ಲಿ ಮೆತ್ತಗೆ ಹೇಳಿದರು: “ಹೊಸ ಬೋರ್ ನೀರು ಬಂದಾಗಿಂದ ಗೂಡು ಒಂದೇ ಸಮ ಬೇಯಲ್ಲಮ್ಮ. ಮೇಲೆ ಮೆತ್ತಗಾಗ್ತದೆ, ಒಳಗೆ ಗಟ್ಟಿ. ಎಳೆ ಕಿತ್ಕೊಂಡು ಕಿತ್ಕೊಂಡು ಬರ್ತದೆ.” ಯಜಮಾನರಿಗೆ ಹೇಳಿದಿರಾ ಎಂದೆ. “ಹೋದ ವರ್ಷ ಹೇಳ್ದೆ. ನಿನ್ನ ಕೆಲಸ ನೀನು ನೋಡ್ಕೋ ಅಂದ್ರು. ಆಮೇಲೆ ದಂಡನೂ ಹಾಕಿದ್ರು. ಯಾಕೆ ಹೇಳ್ಬೇಕು?”

ಎಳೆಯನ್ನು ಹಿಡಿದಿಡುವ ಅಂಟು, ಅಂದರೆ ಸೆರಿಸಿನ್, ಹದವಾಗಿ ಮೆತ್ತಗಾದರೆ ಮಾತ್ರ ಗೂಡು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ದ್ವಿತಳಿ ಗೂಡಿನ ಚಿಪ್ಪು ದಟ್ಟವಾದದ್ದು. ಮಿಶ್ರತಳಿಯನ್ನು ಬೇಯಿಸಿದ ರೂಢಿಯಲ್ಲಿಯೇ ಅದನ್ನು ಬೇಯಿಸಿದರೆ ಹದ ಸಿಗುವುದಿಲ್ಲ. ಅದರ ಜೊತೆಗೆ ನೀರು ಗಡಸಾದರೆ ನೂಲಿನ ಹೊಳಪೂ ಕುಂದುತ್ತದೆ. ಇದೆಲ್ಲ ನನಗೆ ನಂತರ ತಿಳಿದದ್ದು. ಆ ತಾಯಿಗೆ ಈ ಹೆಸರುಗಳೊಂದೂ ಗೊತ್ತಿರಲಿಲ್ಲ, ವಿಷಯ ಮಾತ್ರ ಪೂರ್ತಿ ಗೊತ್ತಿತ್ತು. ಮಾಲೀಕರು ರಾತ್ರಿಯಿಡೀ ಕ್ಯಾಮೆರಾದಲ್ಲಿ ಹುಡುಕುತ್ತಿದ್ದುದು ಒಂದು ವರ್ಷದಿಂದ ಆಕೆಯ ಬೆರಳಿನ ತುದಿಯಲ್ಲಿತ್ತು.

ಆ ತಾಯಿಯ ಅನುಮತಿಯಿಲ್ಲದೆ ಈ ಮಾತನ್ನು ಮಾಲೀಕರಿಗೆ ದಾಟಿಸುವುದು ಸರಿಯಲ್ಲ. ಆದ್ದರಿಂದ ಅವರು ಹೇಳಿದ್ದನ್ನು ಹೇಳದೆ, ಮುಂದಿನ ಭೇಟಿಯಲ್ಲಿ ಒಂದು ಸಂಶೋಧನೆಯ ಬಗ್ಗೆ ಮಾತನಾಡಿದೆ. ಅಮೆರಿಕದ ವಿಲಿಯಂ ಕಾನ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯ ತನ್ನ ಕೆಲಸದಲ್ಲಿ ತನ್ನನ್ನು ತೊಡಗಿಸಿಕೊಳ್ಳಲು ಮೂರು ಸ್ಥಿತಿಗಳು ಬೇಕು ಎಂದರು: ಮಾಡುವುದಕ್ಕೆ ಅರ್ಥವಿದೆ ಎನಿಸಬೇಕು, ತನ್ನ ಮನಸ್ಸನ್ನು ತೋರಿಸಿದರೆ ಪೆಟ್ಟು ಬೀಳುವುದಿಲ್ಲ ಎಂಬ ನಂಬಿಕೆ ಇರಬೇಕು, ಮತ್ತು ಅದಕ್ಕೆ ಬೇಕಾದ ಶಕ್ತಿ ಮೈಮನಸ್ಸಿನಲ್ಲಿ ಉಳಿದಿರಬೇಕು. ನಿಮ್ಮ ಘಟಕದಲ್ಲಿ ಈ ಮೂರರಲ್ಲಿ ಯಾವುದಿದೆ ಎಂದು ಕೇಳಿದೆ. ಅವರು ಕೆಲಸದವರ ಬಗ್ಗೆ ಉತ್ತರಿಸುವ ಬದಲು, “ನನಗೇ ಮೂರೂ ಇಲ್ಲ ಮೇಡಂ” ಎಂದು ಕಣ್ಣೊರೆಸಿಕೊಂಡರು. ನಮ್ಮ ಮಾತುಕತೆ ತಿರುವು ಪಡೆದದ್ದು ಅಂದು.

ಮುಂದೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು ದಂಡವನ್ನು ನಿಲ್ಲಿಸುವುದು. ಮನಸ್ಸಿನ ಕಾರಣಕ್ಕೆ ಮಾತ್ರವಲ್ಲ. ಕಾನೂನು ಕೂಡ ಮನಬಂದಂತೆ ದಂಡ ಹಾಕಲು ಬಿಡುವುದಿಲ್ಲ. ಯಾವ ತಪ್ಪಿಗೆ ದಂಡ ಎಂಬುದು ಮೊದಲೇ ತಿಳಿಸಿದ್ದಾಗಿರಬೇಕು, ಕಾರಣ ಹೇಳಲು ಅವಕಾಶ ಕೊಡಬೇಕು, ಒಟ್ಟು ಮೊತ್ತ ಆ ಅವಧಿಯ ಕೂಲಿಯ ಶೇ 3ನ್ನು ಮೀರಬಾರದು. ಇದರ ಜೊತೆಗೇ ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿರುವ ಕಾರ್ಖಾನೆಗೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದರೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ಇವರು ಎಂಟು ಮಂದಿಯನ್ನು ಮಾತ್ರ ಪುಸ್ತಕದಲ್ಲಿ ತೋರಿಸಿದ್ದರು. ಕೊಡಬೇಕಾದದ್ದನ್ನು ಕೊಡದೆ ಮನಸ್ಸಿಟ್ಟು ದುಡಿಯಿರಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಬೆರಳಿನ ಸಿಪ್ಪೆ ಏಳುತ್ತಿರುವ ಹೆಂಗಸಿಗೆ ಆಸ್ಪತ್ರೆಯ ಚೀಟಿ ಇಲ್ಲದಿರುವಾಗ, ಆತ್ಮೀಯತೆಯ ಮಾತು ಅವಮಾನವಾಗುತ್ತದೆ. ಅವರು ಆ ದಿನ ಸಿಟ್ಟಾಗಿ ಎದ್ದುಹೋದರು. ಎರಡು ವಾರ ಬರಲಿಲ್ಲ. ಮೂರನೆಯ ವಾರ ಲೆಕ್ಕಿಗರನ್ನು ಕಂಡು ಬಂದಿದ್ದಾಗಿ ತಿಳಿಸಿದರು.

ಎರಡನೆಯದು, ಪ್ರತಿದಿನ ಯಂತ್ರ ಹಾಕುವ ಮುಂಚೆ ಕಾಲು ಗಂಟೆ ಎಲ್ಲರೂ ಒಟ್ಟಿಗೆ ಚಹಾ ಕುಡಿಯುವುದು, ಅಲ್ಲಿ ಅವರು “ನಿನ್ನೆ ಎಲ್ಲಿ ತೊಡಕಾಯ್ತು?” ಎಂಬ ಒಂದೇ ಪ್ರಶ್ನೆ ಕೇಳುವುದು. ಮೊದಲ ವಾರ ಬಂದ ಉತ್ತರಗಳಿಗೆ ಸಮಾಧಾನ, ಸಮರ್ಥನೆ, ಬುದ್ಧಿಮಾತು ಏನನ್ನೂ ಕೊಡದೆ, ಹೇಳಿದವರ ಮಾತಿನಲ್ಲಿಯೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅವರಿಗೆ ಇಡೀ ಸಲಹೆಯಲ್ಲಿ ಅತ್ಯಂತ ಕಷ್ಟವಾದದ್ದು ಇದೇ. ಮೊದಲ ಮೂರು ದಿನ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಲೋಟ ನೋಡುತ್ತ ಕುಳಿತಿದ್ದರಂತೆ. ನಾಲ್ಕನೆಯ ದಿನ ಒಬ್ಬ ಹುಡುಗಿ, ಕಿಟಕಿಯ ಹತ್ತಿರದ ಬೇಸಿನ್‌ನಲ್ಲಿ ಮಧ್ಯಾಹ್ನ ಕಣ್ಣಿಗೆ ಬಿಸಿಲು ಹೊಡೆದು ಎಳೆ ಕಾಣುವುದಿಲ್ಲ ಎಂದಳು. ಅಂದೇ ಸಂಜೆ ಒಂದು ಹಳೆಯ ಪರದೆ ಬಂತು. ಐದನೆಯ ದಿನ ಬೇಯಿಸುವ ತಾಯಿ ನೀರಿನ ಮಾತೆತ್ತಿದರು.

ಕಲಿಕೆಯ ಸಲಹೆ ಅಲ್ಲಿಂದ ತಾನಾಗಿಯೇ ಹುಟ್ಟಿತು. ನೀರನ್ನು ಪರೀಕ್ಷೆಗೆ ಕಳುಹಿಸಬೇಕು, ದ್ವಿತಳಿ ಗೂಡನ್ನು ಒಣಗಿಸುವ, ಬೇಯಿಸುವ ವಿಧಾನವನ್ನು ಮೊದಲಿನಿಂದ ಕಲಿಯಬೇಕು. ಬೆಂಗಳೂರಿನ ಮಡಿವಾಳದ ಕಡೆ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. 1983ರಲ್ಲಿ ಶುರುವಾದ ಆ ಸಂಸ್ಥೆ ಇರುವುದೇ ಬಿಚ್ಚಾಣಿಕೆಯಿಂದ ನೇಯ್ಗೆಯವರೆಗಿನ ತಂತ್ರಜ್ಞಾನಕ್ಕಾಗಿ. “ಈ ವಯಸ್ಸಿನಲ್ಲಿ ಪಾಠಕ್ಕೆ ಕೂರೋದಾ?” ಎಂದು ಅವರು ತಲೆತಗ್ಗಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಆರಂಭಿಸಿದಾಗ ಜಪಾನಿನಿಂದ ತಜ್ಞರನ್ನು ಕರೆಸಿದ್ದನ್ನು, 1990ರ ದಶಕದಲ್ಲಿ ಮತ್ತೆ ಜಪಾನಿನ ಸಹಕಾರದಿಂದಲೇ ದ್ವಿತಳಿ ಕೃಷಿ ನಮ್ಮಲ್ಲಿ ಬೇರೂರಿದ್ದನ್ನು ನೆನಪಿಸಿದೆ. ಇವರು ದಿನವೂ ಮಾರುಕಟ್ಟೆಯಲ್ಲಿ ಕೊಳ್ಳುವ ಆ ಬಿಳಿ ಗೂಡೇ, ಗೊತ್ತಿಲ್ಲ ಹೇಳಿಕೊಡಿ ಎಂದು ಕೇಳಿದವರಿಂದ ನಮ್ಮ ಜಿಲ್ಲೆಗೆ ಬಂದದ್ದು. ಇದರ ಮೇಲೆ ಒಂದು ಷರತ್ತನ್ನೂ ಇಟ್ಟೆ: ತರಬೇತಿಗೆ ಒಬ್ಬರೇ ಹೋಗಬಾರದು, ಬೇಯಿಸುವ ತಾಯಿಯನ್ನೂ, ಬಿಸಿಲಿನ ಮಾತೆತ್ತಿದ ಆ ಹುಡುಗಿಯನ್ನೂ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಬೇಕು. ಬಂದ ಮೇಲೆ ಉಳಿದವರಿಗೆ ಹೇಳಿಕೊಡುವವರು ಅವರಿಬ್ಬರಾಗಬೇಕು. ಮಾಲೀಕರು ಮಿಕ್ಕವರ ಜೊತೆ ನೆಲದ ಮೇಲೆ ಕುಳಿತು ಕೇಳಬೇಕು.

ಅವರು ಹಾಗೆಯೇ ಮಾಡಿದರು. ನೀರಿನ ಗಡಸುತನ ನಿಜವಾಗಿತ್ತು. ಮೃದುಗೊಳಿಸುವ ಸಾಧನಕ್ಕೆ ಮತ್ತೊಂದು ಸಾಲವಾಯಿತು. ಬೇಯಿಸುವ ಹೊತ್ತು, ಶಾಖ ಬದಲಾದವು. ಗೋಡೆಗೆ ಕಪ್ಪು ಹಲಗೆ ಹಾಕಿ ಪ್ರತಿದಿನದ ರೆಂಡಿಟಾವನ್ನು ಎಲ್ಲರಿಗೂ ಕಾಣುವಂತೆ ಬರೆಯತೊಡಗಿದರು. ಅದನ್ನು ಬರೆಯುವುದು ಕೆಲಸದವರೇ. ಐದು ತಿಂಗಳಲ್ಲಿ 7.5 ಇದ್ದದ್ದು 6.8ಕ್ಕೆ ಬಂತು. ಉಳಿತಾಯದಲ್ಲಿ ಒಂದು ಪಾಲನ್ನು ತಿಂಗಳ ಕೊನೆಗೆ ಹಂಚುವ ಯೋಚನೆ ಅವರದೇ, ನಾನು ಹೇಳಿದ್ದಲ್ಲ.

ಎಲ್ಲವೂ ನೆಟ್ಟಗಾಯಿತು ಎಂದು ಬರೆಯಲಾರೆ. ಬಿಟ್ಟುಹೋದ ಒಂಬತ್ತು ಮಂದಿಯಲ್ಲಿ ಇಬ್ಬರು ಮಾತ್ರ ಮರಳಿ ಬಂದರು. ಯುಗಾದಿಯ ಹಿಂದಿನ ವಾರ ಒಂದು ಲಾಟು ಹಾಳಾದಾಗ ಅವರು ಹಳೆಯ ದನಿಯಲ್ಲಿಯೇ ಕೂಗಾಡಿದರು. ಮಾರನೆಯ ಬೆಳಿಗ್ಗೆ ಚಹಾದ ಹೊತ್ತಿಗೆ ಮತ್ತೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಫೋನು ಮಾಡಿದಾಗ, ಕೂಗಿದ್ದು ಎಲ್ಲರ ಎದುರಾದ್ದರಿಂದ ತಪ್ಪಾಯಿತೆನ್ನುವುದೂ ಎಲ್ಲರ ಎದುರೇ ಆಗಬೇಕೆಂದೆ. ಹೇಳಿದರಂತೆ. ಮಾತು ಮರಳಲು ಮತ್ತೆ ಹತ್ತು ದಿನ ಹಿಡಿಯಿತು.

ನಿದ್ದೆ ಈಗ ರಾತ್ರಿಗೆ ಐದು ಗಂಟೆಗಳಷ್ಟಾಗಿದೆ. ಕ್ಯಾಮೆರಾ ಬಾಗಿಲ ಹೊರಗೆ ಮಾತ್ರ ಉಳಿದಿದೆ. ಕಳೆದ ಭೇಟಿಯಲ್ಲಿ ಅವರು ತಂದ ಪುಸ್ತಕದಲ್ಲಿ, ಮಳೆಗಾಲದ ಗೂಡಿಗೂ ಬೇಸಿಗೆಯ ಗೂಡಿಗೂ ಬೇಯಿಸುವ ಹೊತ್ತು ಎಷ್ಟು ವ್ಯತ್ಯಾಸವಿರಬೇಕು ಎಂದು ಆ ಹುಡುಗಿ ಕೇಳಿದ ಪ್ರಶ್ನೆ ಬರೆದಿತ್ತು. ಅದರ ಕೆಳಗೆ ಅವರ ಕೈಬರಹದಲ್ಲಿ, “ನನಗೆ ಗೊತ್ತಿಲ್ಲ ಅಂದೆ, ಕೇಳಿಕೊಂಡು ಬರಬೇಕು” ಎಂದಿತ್ತು. ಘಟಕದ ಮಾತು ಅಷ್ಟಕ್ಕೆ ನಿಲ್ಲಿಸಿ, ಮನೆಯಲ್ಲಿ ದೊಡ್ಡ ಮಗನ ಮೇಲೆ ಇನ್ನೂ ಕೈ ಎತ್ತುತ್ತಿರುವ ವಿಷಯವನ್ನು ಅವರೇ ತೆಗೆದರು. ಮುಂದಿನ ತಿಂಗಳು ಪತ್ನಿಯೊಡನೆ ಬರಲು ಒಪ್ಪಿದ್ದಾರೆ.