ಸಂಜೆಯಾದರೆ ಮನೆಯ ನೆನಪು ಕಾಡುತ್ತದೆ

ಪ್ರಶ್ನೆ: ಪದವಿ ಓದಲು ಹಾಸ್ಟೆಲ್ ಸೇರಿ ಐದು ವಾರಗಳಾದವು. ಇದೇ ಕಾಲೇಜು ಬೇಕೆಂದು ಹಟ ಹಿಡಿದು ಬಂದವಳು ನಾನೇ. ಹಗಲು ತರಗತಿಗಳಲ್ಲಿ ಹೇಗೋ ಕಳೆಯುತ್ತದೆ; ಸಂಜೆಯಾದರೆ ಗಂಟಲು ಕಟ್ಟುತ್ತದೆ. ಅಮ್ಮನಿಗೆ ದಿನಕ್ಕೆ ನಾಲ್ಕೈದು ಬಾರಿ ಫೋನ್ ಮಾಡುತ್ತೇನೆ, ಮಾತು ಮುಗಿದ ಮೇಲೆ ಇನ್ನಷ್ಟು ಅಳು ಬರುತ್ತದೆ. ಶನಿವಾರ ಬಂತೆಂದರೆ ಮನೆಗೆ ಓಡುತ್ತೇನೆ. ಅರ್ಧ ಬಟ್ಟೆಗಳು ಇನ್ನೂ ಸೂಟ್‌ಕೇಸಿನಲ್ಲೇ ಇವೆ. ಉಳಿದವರೆಲ್ಲ ಖುಷಿಯಾಗಿದ್ದಾರೆ, ನಾನೊಬ್ಬಳೇ ಹೀಗೇಕೆ? ಕಾಲೇಜು ಬಿಟ್ಟುಬಿಡಲೇ?
– ಹೆಸರು, ಊರು ಬೇಡ

ಉತ್ತರ: ನೀವೊಬ್ಬರೇ ಹೀಗಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಾಸ್ಟೆಲ್ ಸೇರಿದ ಹೊಸತರಲ್ಲಿ, ಅಳುವ ಸದ್ದು ಹೊರಗೆ ಕೇಳಬಾರದೆಂದು ಬಚ್ಚಲಿನ ನಲ್ಲಿಯನ್ನು ತಿರುಗಿಸಿಟ್ಟು ಅತ್ತದ್ದು ನನಗೆ ಈಗಲೂ ನೆನಪಿದೆ. ಪಕ್ಕದ ಬಚ್ಚಲಿನಲ್ಲಿಯೂ ಅದೇ ಕಾರಣಕ್ಕೆ ನಲ್ಲಿ ಹರಿಯುತ್ತಿತ್ತೆಂದು ಗೊತ್ತಾದದ್ದು ವರ್ಷ ಕಳೆದ ಮೇಲೆ, ಆ ಪಕ್ಕದವಳೇ ಬಾಯಿಬಿಟ್ಟು ಹೇಳಿದಾಗ. ನಿಮಗೆ ಕಾಣುತ್ತಿರುವುದು ಜೊತೆಯವರ ಹಗಲಿನ ಮುಖ ಮಾತ್ರ.

ಈ ಸಂಕಟಕ್ಕೆ ವೈದ್ಯರು ಹೆಸರಿಟ್ಟು ಮುನ್ನೂರು ವರ್ಷಗಳ ಮೇಲಾಯಿತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ‘ನಾಸ್ಟಾಲ್ಜಿಯಾ’ ಎಂಬ ಪದವನ್ನು ಕಟ್ಟಿದ. ಅವನು ವಿವರಿಸಿದ ರೋಗಿಗಳಲ್ಲೊಬ್ಬ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ತರುಣ. ಬದುಕಿ ಉಳಿಯುತ್ತಾನೆಂಬ ಆಸೆಯನ್ನೇ ಎಲ್ಲರೂ ಬಿಟ್ಟಿದ್ದ ಆ ಹುಡುಗ, ಊರಿಗೆ ಕರೆದೊಯ್ಯಲು ಹೊರಟಾಗ ದಾರಿಯಲ್ಲೇ ಚೇತರಿಸಿಕೊಂಡನಂತೆ. ಆ ಎರಡು ಊರುಗಳ ನಡುವೆ ಇರುವುದು ಸುಮಾರು 100 ಕಿಲೋಮೀಟರ್ ಅಷ್ಟೇ. ಮನೆ ಎಷ್ಟು ದೂರದಲ್ಲಿದೆ ಎಂಬುದಕ್ಕೂ ಮನೆಯ ನೆನಪು ಎಷ್ಟು ಕಾಡುತ್ತದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ‘ಹತ್ತಿರದಲ್ಲೇ ಇದ್ದೀಯಲ್ಲ, ಅದಕ್ಕೇನು ಅಳು’ ಎನ್ನುವವರ ಮಾತಿಗೆ ನೀವು ನೊಂದುಕೊಳ್ಳಬೇಡಿ.

ಸಂಜೆಯೇ ಏಕೆ ಎಂದರೆ, ಹಗಲೆಲ್ಲ ನಿಮ್ಮ ಮನಸ್ಸು ಪ್ರತಿ ಸಣ್ಣ ಕೆಲಸಕ್ಕೂ ಎಚ್ಚರವಾಗಿರಬೇಕಾಗಿದೆ. ಯಾವ ಕೊಠಡಿಗೆ ಹೋಗಬೇಕು, ಊಟಕ್ಕೆ ಯಾರ ಪಕ್ಕ ಕುಳಿತುಕೊಳ್ಳಬೇಕು, ಹೆಸರು ಮರೆತುಹೋದ ಸಹಪಾಠಿಯನ್ನು ಹೇಗೆ ಮಾತನಾಡಿಸಬೇಕು ಎಂಬ, ಮನೆಯಲ್ಲಿದ್ದಾಗ ಹುಟ್ಟುತ್ತಲೇ ಇರದಿದ್ದ ಪ್ರಶ್ನೆಗಳಿಗೆ ಬೆಳಗಿನಿಂದ ಉತ್ತರ ಹುಡುಕಿ ದಣಿದ ಮನಸ್ಸು, ಕೈಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಯಾವುದಕ್ಕೂ ಯೋಚಿಸಬೇಕಿಲ್ಲದ ಜಾಗವನ್ನು ಬಯಸುತ್ತದೆ. ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಿಂದಲೇ ಬಂದವರು ಯಾರೆಂದು ತಿಳಿಯುವ ಜಾಗ ಅದು. ಇದು ದೌರ್ಬಲ್ಯವಲ್ಲ, ದಣಿವು. ಆದ್ದರಿಂದ ಸಂಜೆಯ ಆ ಹೊತ್ತನ್ನು ಖಾಲಿ ಬಿಡಬೇಡಿ. ಕೋಣೆಯಿಂದ ಹೊರಗೆ ಬಂದು ನಡೆಯಿರಿ, ಆಡಿರಿ, ಗ್ರಂಥಾಲಯದಲ್ಲಿ ದಿನವೂ ಅದೇ ಕುರ್ಚಿಯಲ್ಲಿ ಕುಳಿತುಕೊಳ್ಳಿರಿ. ಅದೇ ಜಾಗ, ಅದೇ ಹೊತ್ತು, ಅವೇ ನಾಲ್ಕು ಮುಖಗಳು ಮತ್ತೆ ಮತ್ತೆ ಎದುರಾಗುತ್ತ ಹೋದಂತೆ ಪರಿಚಯ ತಾನಾಗಿ ಬೆಳೆಯುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಸೂಟ್‌ಕೇಸ್. ಐದು ವಾರಗಳಿಂದ ಪ್ರತಿದಿನ ಬೆಳಿಗ್ಗೆ ನೀವು ಅದನ್ನು ಎಳೆದು, ಬೇಕಾದ ಬಟ್ಟೆಯನ್ನು ತೆಗೆದು, ಮತ್ತೆ ಮುಚ್ಚಿ ಮಂಚದ ಕೆಳಗೆ ತಳ್ಳುತ್ತಿರಬೇಕು. ನಾನಿಲ್ಲಿ ಉಳಿಯುವವಳಲ್ಲ ಎಂದು ನಿಮಗೆ ನೀವೇ ದಿನಕ್ಕೊಮ್ಮೆ ಹೇಳಿಕೊಂಡ ಹಾಗಾಯಿತು ಅದು. ದಯವಿಟ್ಟು ಇಂದೇ ಅದನ್ನು ಬರಿದು ಮಾಡಿ, ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿ. ಮನೆಯಿಂದ ತಂದ ಒಂದು ವಸ್ತುವನ್ನು, ಹಳೆಯ ಹೊದಿಕೆಯೋ ಫೋಟೋವೋ, ಕಣ್ಣಿಗೆ ಬೀಳುವ ಹಾಗೆ ಇಡಿ.

ಅಮ್ಮನೊಡನೆ ಮಾತು ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಅಳು ಉಕ್ಕಿದ ಕ್ಷಣದಲ್ಲಿ ಮಾಡಿದ ಫೋನ್ ಇಬ್ಬರನ್ನೂ ಅಳಿಸುತ್ತದೆ, ಸಮಾಧಾನವನ್ನಂತೂ ತರುವುದಿಲ್ಲ. ಇದು ನಿಮ್ಮದೇ ಅನುಭವ. ದಿನಕ್ಕೊಂದು ಹೊತ್ತನ್ನು ಗೊತ್ತುಮಾಡಿಕೊಂಡು, ಸಂಜೆಯ ಓಡಾಟವೆಲ್ಲ ಮುಗಿದ ಮೇಲೆ ಮಾತನಾಡಿ. ಅಂದು ನಡೆದ ಒಂದು ಸಂಗತಿಯನ್ನಾದರೂ ಹೇಳಿ, ಮನೆಯ ಸಂಗತಿಯನ್ನೂ ಕೇಳಿ. ಅತ್ತುಬಿಟ್ಟರೆ ತಪ್ಪೇನೂ ಇಲ್ಲ.

ಪ್ರತಿ ಶನಿವಾರ ಹೊರಡುವುದನ್ನು ಮಾತ್ರ ಕಡಿಮೆ ಮಾಡಲೇಬೇಕು. ಹಾಸ್ಟೆಲ್‌ನ ಗೆಳೆತನಗಳು ಮೊಳೆಯುವುದು ರಜೆಯ ದಿನಗಳಲ್ಲಿ, ಬಟ್ಟೆ ಒಗೆಯುತ್ತ, ಮಹಡಿಯಲ್ಲಿ ಸುಮ್ಮನೆ ಕುಳಿತು ಹರಟುತ್ತ. ಸರಿಯಾಗಿ ಅದೇ ಹೊತ್ತಿಗೆ ನೀವು ಅಲ್ಲಿ ಇರುವುದಿಲ್ಲ. ಸೋಮವಾರ ಮರಳುವಾಗ ಮತ್ತೆ ಹೊಸಬರು. ಮುಂದಿನ ಭೇಟಿಗೆ ಮೂರು ನಾಲ್ಕು ವಾರಗಳಾಚೆಯ ಒಂದು ದಿನವನ್ನು ಗುರುತು ಹಾಕಿಕೊಳ್ಳಿ. ದಿನ ಗೊತ್ತಿದ್ದರೆ ಕಾಯುವುದು ಅಷ್ಟು ಕಷ್ಟವಾಗುವುದಿಲ್ಲ.

ಕಾಲೇಜು ಬಿಡುವ ನಿರ್ಧಾರವನ್ನು ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಮುಂದೂಡಿ. ಆದರೆ ಒಂದನ್ನು ಗಮನಿಸಿ. ಮನೆಗೆ ಹೋದ ಕೂಡಲೇ ನೀವು ಮೊದಲಿನಂತೆ ಆಗುತ್ತೀರಾದರೆ ಇದು ಮನೆಯ ಹಂಬಲ. ಮನೆಯಲ್ಲಿಯೂ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಮತ್ತು ಹಸಿವು ಕೆಟ್ಟು, ಎರಡು ವಾರ ಕಳೆದರೂ ಮಂಕು ಸರಿಯದಿದ್ದರೆ ಅದು ಖಿನ್ನತೆಯಾಗಿರಬಹುದು. ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿರಿ. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ, ಅದೇ ಗಂಟೆಯಲ್ಲಿ, ವಾರ್ಡನ್‌ಗೋ ಮನೆಯವರಿಗೋ ತಿಳಿಸಿ.

ಪ್ರಶ್ನೆ: ಮಗ ಹಾಸ್ಟೆಲ್‌ನಿಂದ ದಿನವೂ ಫೋನ್ ಮಾಡಿ ‘ಕರೆದುಕೊಂಡು ಹೋಗಿ’ ಎನ್ನುತ್ತಾನೆ. ಇವನ ತಾಯಿ ಊಟವನ್ನೇ ಬಿಟ್ಟಿದ್ದಾಳೆ. ಹೋಗಿ ಕರೆತರಲೇ?
– ಒಬ್ಬ ತಂದೆ

ಉತ್ತರ: ಅವನನ್ನು ಅಲ್ಲಿ ಯಾರಾದರೂ ಹಿಂಸಿಸುತ್ತಿದ್ದಾರೆಯೇ, ಮೈ ಹುಷಾರಿಲ್ಲವೇ ಎಂದು ಮೊದಲು ಬಿಡಿಸಿ ಕೇಳಿ. ಹಾಗಿದ್ದರೆ ತಡಮಾಡದೆ ಹೋಗಿ. ಅದೇನೂ ಇಲ್ಲವಾದರೆ ಕರೆತರುವ ಬದಲು ಒಂದು ದಿನದ ಮಟ್ಟಿಗೆ ನೀವೇ ಹೋಗಿಬನ್ನಿ. ಅವನ ಕೋಣೆ, ತರಗತಿ, ಊಟದ ಜಾಗವನ್ನೆಲ್ಲ ಅವನಿಂದಲೇ ತೋರಿಸಿಕೊಳ್ಳಿ; ತೋರಿಸುವವನಾದಾಗ ಹುಡುಗನಿಗೆ ಆ ಜಾಗ ಸ್ವಲ್ಪ ತನ್ನದೆನಿಸುತ್ತದೆ. ‘ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ’ ಎಂಬ ಮಾತು ನಿಜವಾದರೂ ಸದ್ಯ ಫೋನಿನಲ್ಲಿ ಬೇಡ. ಅಮ್ಮ ಊಟ ಮಾಡುತ್ತಿಲ್ಲವೆಂಬ ಸಂಗತಿಯಂತೂ ಅವನ ಕಿವಿಗೆ ಬೀಳಲೇಬಾರದು. ಅವರಿಗೂ ಈಗ ಜೊತೆ ಬೇಕು. ಸಂಜೆಯ ಹೊತ್ತು ಅವರ ಪಕ್ಕದಲ್ಲಿ ನೀವಿರಿ.