ಅವನ ಓದು ಕಿತ್ತುಕೊಂಡರೆ ಅವಳಿಗೆ ಸಿಗುವುದೇನು?

ಮಾನ್ಯರೇ,

ಅಮೆರಿಕದ ಜೈಲುಗಳಲ್ಲಿ ನಡೆಯುವ ಕಾಲೇಜು ತರಗತಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ದೀರ್ಘವಾದ ಪತ್ರ ಬರೆದಿದ್ದೀರಿ. ನಿಮ್ಮಣ್ಣನನ್ನು ಕೊಂದವನು ಇಂದು ಜೈಲಿನಲ್ಲಿದ್ದಾನೆ. ಅಣ್ಣ ಹೋದ ಮೇಲೆ ಅವರ ಮಗಳು ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟು ಮನೆ ನಡೆಸಲು ಕೆಲಸಕ್ಕೆ ಸೇರಿದಳು. "ಅವಳಿಗಿಲ್ಲದ ಕಾಲೇಜು ಅವನಂಥವರಿಗೆ ಯಾಕೆ? ಅದನ್ನು ಬೆಂಬಲಿಸಿ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?" ಎಂದು ಕೇಳಿದ್ದೀರಿ. ಕಸುಬು ಕಲಿಸಿದರೆ ಸಾಲದೇ ಎಂಬ ಮಾತೂ ಪತ್ರದಲ್ಲಿದೆ. ಇಷ್ಟರ ಮೇಲೂ, ಬೆಂಬಲ ಎಂದರೆ ನಿಮ್ಮ ಪ್ರಕಾರ ಏನು ಎಂದು ಕೊನೆಯಲ್ಲಿ ಕೇಳಿದ್ದೀರಿ.

ನಿಮ್ಮನ್ನು ಸಮಾಧಾನಪಡಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನು ಬಿಟ್ಟುಬಿಡಿ ಎನ್ನುವ ಅಧಿಕಾರ ನನಗಿಲ್ಲ. ಕ್ಷಮಿಸಬೇಕೋ ಬೇಡವೋ ಎಂಬುದು ನಿಮ್ಮ ಮನೆಯವರಿಗೆ ಬಿಟ್ಟ ವಿಷಯ. ಜೈಲಿನಲ್ಲಿ ಕಾಲೇಜು ಇರಬೇಕು ಎನ್ನಲು ಯಾರೂ ಯಾರನ್ನೂ ಕ್ಷಮಿಸಬೇಕಾಗಿಲ್ಲ. ನ್ಯಾಯಾಲಯ ಕೊಟ್ಟಿರುವುದು ಸೆರೆವಾಸದ ಶಿಕ್ಷೆ. ಓದಿದ ಮಾತ್ರಕ್ಕೆ ಅದರಲ್ಲಿ ಒಂದು ದಿನವೂ ತಾನಾಗಿ ಕಡಿಮೆಯಾಗಬೇಕೆಂದು ನಾನು ವಾದಿಸುತ್ತಿಲ್ಲ.

ಆದರೆ ಅವನ ಓದಿನಿಂದ ಅವಳ ಓದಿಗೆ ಕುತ್ತು ಬಂತು ಎನ್ನುವ ಅನಿಸಿಕೆ ಇದೆಯಲ್ಲ, ಅದನ್ನು ಒಮ್ಮೆ ಪರೀಕ್ಷಿಸಿ ನೋಡೋಣ. ಇದೇ ವಾದ ಅಮೆರಿಕದಲ್ಲಿ ಕಾನೂನೇ ಆಗಿತ್ತು. ಅಲ್ಲಿ ಬಡ ವಿದ್ಯಾರ್ಥಿಗಳ ಕಾಲೇಜು ಶುಲ್ಕಕ್ಕೆ ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವು ಇದೆ. ಮರುಪಾವತಿ ಮಾಡಬೇಕಿಲ್ಲದ ಹಣ ಅದು. ಜೈಲಿನಲ್ಲಿದ್ದವರೂ ಅದನ್ನು ಪಡೆದು ಓದುತ್ತಿದ್ದರು. 1990ರ ದಶಕದಲ್ಲಿ "ಪ್ರಾಮಾಣಿಕರ ಮಕ್ಕಳ ಪಾಲು ಅಪರಾಧಿಗಳಿಗೆ ಹೋಗುತ್ತಿದೆ" ಎಂಬ ಕೂಗು ಎದ್ದಿತು. 1994ರ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಕೈದಿಗಳಿಗೆ ಆ ನೆರವನ್ನು ಪೂರ್ತಿ ನಿಲ್ಲಿಸಿದರು. ಜೈಲುಗಳಲ್ಲಿದ್ದ ಕಾಲೇಜುಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು.

ಹಾಗಾದರೆ ಆ ಹಣ ಹೊರಗಿನ ಮಕ್ಕಳಿಗೆ ಸಿಕ್ಕಿತೇ? ಅದೇ ವರ್ಷ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನು ಪರಿಶೀಲಿಸಿತ್ತು. ನೆರವು ಪಡೆಯುತ್ತಿದ್ದ ಸುಮಾರು 40 ಲಕ್ಷ ವಿದ್ಯಾರ್ಥಿಗಳಲ್ಲಿ ಕೈದಿಗಳು 23,000ದಷ್ಟು. ಹಣದಲ್ಲಿ ಅವರ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಆ ನೆರವು ಅರ್ಹತೆ ಇದ್ದ ಎಲ್ಲರಿಗೂ ಸಿಗುವಂಥದ್ದು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ತಪ್ಪುವಂಥದ್ದಲ್ಲ. ಕೈದಿಗಳನ್ನು ಹೊರಗಿಟ್ಟರೂ ಹೊರಗಿನ ಯಾವ ವಿದ್ಯಾರ್ಥಿಗೂ ಹೊಸದಾಗಿ ನೆರವು ಸಿಗುತ್ತಿರಲಿಲ್ಲ, ಸಿಗುತ್ತಿದ್ದ ಮೊತ್ತವೂ ಏರುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಕಾನೂನು ಬಂತು. ಅದನ್ನು ಸರಿಪಡಿಸಲು ಸುಮಾರು ಮೂರು ದಶಕ ಹಿಡಿಯಿತು. 2015ರಲ್ಲಿ ಪ್ರಾಯೋಗಿಕವಾಗಿ ಕೆಲವು ಕಾಲೇಜುಗಳಿಗೆ ಅವಕಾಶ ಕೊಟ್ಟರು, 2020ರ ಕೊನೆಯಲ್ಲಿ ನಿಷೇಧ ತೆಗೆಯುವ ಕಾನೂನು ಬಂತು, ಅದು ಜಾರಿಯಾದದ್ದು 2023ರ ಜುಲೈನಲ್ಲಿ. ನಡುವೆ ಒಂದು ಇಡೀ ಪೀಳಿಗೆ ಒಳಗೇ ಸುಮ್ಮನೆ ಕೂತು ಹೊರಬಂತು.

ಆದ್ದರಿಂದ ನಿಮ್ಮಣ್ಣನ ಮಗಳ ವಿಷಯದಲ್ಲಿ ನನ್ನ ಮಾತು ಇಷ್ಟು. ಕೊಲೆಯಾದವರ ಮಕ್ಕಳ ಓದಿನ ಖರ್ಚನ್ನು ಸರ್ಕಾರ ಹೊರಬೇಕು, ಅರ್ಜಿ ಹಿಡಿದು ಅಲೆಯದಂತೆ ಹೊರಬೇಕು, ಮತ್ತು ಅದು ಮೊದಲು ಆಗಬೇಕು. ಆ ಹುಡುಗಿಯ ಕಾಲೇಜು ತಪ್ಪಿದ್ದು ಅವಳ ಕೈಹಿಡಿಯಬೇಕಾದವರು ಹಿಡಿಯಲಿಲ್ಲವಾದ್ದರಿಂದ. ಜೈಲಿನ ತರಗತಿಗೆ ಬೀಗ ಹಾಕಿದ ಮಾತ್ರಕ್ಕೆ ಆ ಕೈ ಮುಂದೆ ಬರುವುದಿಲ್ಲ. ಅವಳ ಪರವಾಗಿ ಹೋರಾಡಬೇಕಾದ ಸಿಟ್ಟನ್ನು ನಾವು ಆ ಬೀಗದ ಮೇಲೆ ಖರ್ಚು ಮಾಡುತ್ತಿದ್ದೇವೆ, ಸರ್ಕಾರಗಳಿಗೂ ಅದೇ ಅನುಕೂಲ.

ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದು ದಿನ ಹೊರಬರುತ್ತಾರೆ. ಹೇಗೆ ಬರುತ್ತಾರೆ ಎಂಬುದು ನಿಮಗೂ ನನಗೂ ಸಂಬಂಧಿಸಿದ್ದು. ರ್‍ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2013ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಒಳಗೆ ಯಾವುದಾದರೂ ಶಿಕ್ಷಣ ಪಡೆದವರು ಮತ್ತೆ ಜೈಲು ಸೇರುವ ಪ್ರಮಾಣ ಪಡೆಯದವರಿಗಿಂತ 13 ಶೇಕಡಾಂಶದಷ್ಟು ಕಡಿಮೆ ಇತ್ತು. ಆ ಶಿಕ್ಷಣಕ್ಕೆ ಹಾಕಿದ ಒಂದೊಂದು ಡಾಲರಿಗೆ, ಮೂರು ವರ್ಷಗಳಲ್ಲಿ ಮರುಸೆರೆವಾಸದ ಖರ್ಚಿನಲ್ಲಿ ನಾಲ್ಕರಿಂದ ಐದು ಡಾಲರ್ ಉಳಿಯುತ್ತದೆ ಎಂಬುದು ಅವರ ಅಂದಾಜು. ಓದಲು ಮುಂದೆ ಬರುವವರು ಮೊದಲೇ ಬದಲಾಗಲು ಮನಸ್ಸು ಮಾಡಿದವರಿರಬಹುದಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಸಂಶೋಧಕರೂ ಅದನ್ನು ಗಣನೆಗೆ ತೆಗೆದುಕೊಂಡಿದ್ದಾರೆ. ಹಾಗೆ ಮನಸ್ಸು ಮಾಡಿದವನ ಎದುರಿಗೆ ತರಗತಿಯೇ ಇಲ್ಲದಿದ್ದರೆ ಆ ಮನಸ್ಸು ಎಷ್ಟು ವರ್ಷ ಉಳಿದೀತು ಎಂಬುದು ನನ್ನ ಪ್ರಶ್ನೆ. ಮರುಅಪರಾಧ ಕಡಿಮೆಯಾಗುವುದೆಂದರೆ ಇನ್ನೊಂದು ಮನೆಯಲ್ಲಿ ನಿಮ್ಮ ಮನೆಯಂಥ ಸಾವು ಆಗದಿರುವುದು. ಈ ಅಂಕಿಗಳಿಗೆ ನನ್ನ ಮಟ್ಟಿಗೆ ಬೇರೆ ಅರ್ಥವಿಲ್ಲ.

ಕಸುಬು ಸಾಲದೇ ಎಂದಿರಿ. ಕಸುಬೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚರಿತ್ರೆ, ಗಣಿತ, ತತ್ವಶಾಸ್ತ್ರದ ತರಗತಿ ಮಾಡುವ ಕೆಲಸವೇ ಬೇರೆ. ನ್ಯೂಯಾರ್ಕಿನ ಬಾರ್ಡ್ ಕಾಲೇಜು 1999ರಿಂದ ಜೈಲು ಶಿಕ್ಷಣವನ್ನು ಕೈಗೆತ್ತಿಕೊಂಡಿದೆ. ಹೊರಗಿನ ವಿದ್ಯಾರ್ಥಿಗಳಿಗೆ ಕೊಡುವ ಪದವಿಯೇ ಒಳಗಿನವರಿಗೂ. 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ಬಿಗಿ ಭದ್ರತೆಯ ಜೈಲಿನ ಚರ್ಚಾ ತಂಡ ಹಾರ್ವರ್ಡ್ ವಿದ್ಯಾರ್ಥಿಗಳ ತಂಡವನ್ನು ಸೋಲಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಗೆಲುವಿಗಿಂತ ಅವರು ಸಿದ್ಧತೆ ನಡೆಸಿದ ರೀತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಇಂಟರ್ನೆಟ್ ಇಲ್ಲ. ಬೇಕಾದ ಪುಸ್ತಕಕ್ಕೆ ಜೈಲಿನ ಆಡಳಿತದ ಒಪ್ಪಿಗೆ ಪಡೆಯಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯುತ್ತಿತ್ತು. ದಾಖಲೆಗಳಿಲ್ಲದ ವಲಸಿಗರ ಮಕ್ಕಳಿಗೆ ಸರ್ಕಾರಿ ಶಾಲೆಗಳು ಪ್ರವೇಶ ನಿರಾಕರಿಸಬಹುದು ಎಂಬ ಪಕ್ಷವನ್ನು ಅವರು ಸಮರ್ಥಿಸಬೇಕಿತ್ತು. ತಮಗೇ ಒಪ್ಪಿಗೆಯಿಲ್ಲದ ವಾದ ಅದು. ತನಗೆ ಹಿಡಿಸದ ಮಾತಿನೊಳಕ್ಕೆ ಇಳಿದು, ಎದುರಿನವರ ಜಾಗದಲ್ಲಿ ನಿಂತು ಯೋಚಿಸಿ, ಕೈ ಎತ್ತದೆ ಮಾತಿನಲ್ಲೇ ಗೆಲ್ಲಬೇಕು. ಹಿಂಸೆಯ ದಾರಿ ಹಿಡಿದು ಒಳಗೆ ಬಂದವನಿಗೆ ಇದಕ್ಕಿಂತ ಅಗತ್ಯವಾದ ಪಾಠ ಯಾವುದಿದೆ ಹೇಳಿ.

ಬೆಂಬಲ ಎಂದರೇನು ಎಂಬ ನಿಮ್ಮ ಪ್ರಶ್ನೆಯೇ ಇಡೀ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿತು, ಯಾಕೆಂದರೆ ಈ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಅರೆಬರೆ ಕೆಲಸ ಮಾಡುವುದುಂಟು. ನಾಲ್ಕು ಉಪನ್ಯಾಸ, ಒಂದು ಪ್ರಮಾಣಪತ್ರ, ಒಂದು ಫೋಟೋ. ಅದು ಬೆಂಬಲವಲ್ಲ. ಹೊರಗಿನ ಕಾಲೇಜು ಒಪ್ಪದ ಪ್ರಮಾಣಪತ್ರ ಹೊರಗೆ ಬಂದವನಿಗೆ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳಲ್ಲಿ 104ನೆಯದು ಇದನ್ನೇ ಹೇಳುತ್ತದೆ. ಬಿಡುಗಡೆಯಾದವರು ತೊಡಕಿಲ್ಲದೆ ಓದು ಮುಂದುವರಿಸುವಂತೆ, ಕೈದಿಗಳ ಶಿಕ್ಷಣ ಸಾಧ್ಯವಾದಷ್ಟೂ ದೇಶದ ಶಿಕ್ಷಣ ವ್ಯವಸ್ಥೆಯ ಜೊತೆ ಬೆಸೆದಿರಬೇಕು ಎಂದು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1970ರ ದಶಕದಿಂದ ಕೈದಿಗಳಿಗೆ ಪಾಠ ಮಾಡುತ್ತಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನೊಳಗಿನ ಕಾಲೇಜಿಗೆ 2022ರಲ್ಲಿ ಸ್ವತಂತ್ರ ಮಾನ್ಯತೆಯೇ ಸಿಕ್ಕಿತು. ಇದು ಆಗದ ಮಾತೇನಲ್ಲ.

ಕಷ್ಟ ಇರುವುದು ದಿನನಿತ್ಯದ ಸಣ್ಣ ಸಂಗತಿಗಳಲ್ಲಿ. ತರಗತಿಯ ನಡುವೆ ಕೈದಿಗಳ ಎಣಿಕೆಗೆ ಕರೆ ಬರುತ್ತದೆ, ಅಂದಿನ ಪಾಠ ಅಲ್ಲಿಗೇ ನಿಲ್ಲುತ್ತದೆ. ಎಲ್ಲೋ ಒಂದು ಗಲಾಟೆಯಾದರೆ ಇಡೀ ಜೈಲಿಗೆ ಬೀಗ, ವಾರಗಟ್ಟಲೆ ತರಗತಿ ಇಲ್ಲ. ಪ್ರಬಂಧವನ್ನು ಗದ್ದಲದ ನಡುವೆ ಕೈಯಲ್ಲೇ ಬರೆಯಬೇಕು. ಎಲ್ಲಕ್ಕಿಂತ ದೊಡ್ಡ ಪೆಟ್ಟು ವರ್ಗಾವಣೆಯದು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬೇರೆ ಜೈಲಿಗೆ ಕಳುಹಿಸಿಬಿಟ್ಟರೆ ಆ ಸೆಮಿಸ್ಟರಿನ ಶ್ರಮವೆಲ್ಲ ನೀರುಪಾಲು. ಸೆಮಿಸ್ಟರ್ ಮುಗಿಯುವವರೆಗೆ ವಿದ್ಯಾರ್ಥಿಯನ್ನು ವರ್ಗಾಯಿಸಬೇಡಿ ಎಂಬ ಒಂದು ಸಾಲಿನ ಆದೇಶಕ್ಕೆ ಕಾಸಿನ ಖರ್ಚೂ ಇಲ್ಲ, ಆದರೆ ಅದರಿಂದಾಗುವ ಉಪಕಾರ ದೊಡ್ಡದು. ಬಿಡುಗಡೆಯಾದವರ ಕಾಲೇಜು ಅರ್ಜಿಯಲ್ಲಿ ಹಿಂದೆ ಶಿಕ್ಷೆಯಾಗಿತ್ತೇ ಎಂಬ ಪ್ರಶ್ನೆಯನ್ನು ಮೊದಲ ಪುಟದಿಂದಲೇ ತೆಗೆಯುವುದೂ ಅಂಥದ್ದೇ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ತನ್ನ ಪ್ರವೇಶದ ಅರ್ಜಿಯಿಂದ ಅದನ್ನು ಕೈಬಿಡಲು 2016ರಲ್ಲಿ ನಿರ್ಧರಿಸಿತು.

ಓದುಗರು ವೈಯಕ್ತಿಕವಾಗಿ ಏನು ಮಾಡಬಹುದೆಂದರೆ, ಪುಸ್ತಕ ಕಳುಹಿಸಬಹುದು. ಆದರೆ ಮೊದಲು ಅಲ್ಲಿ ಪಾಠ ಮಾಡುವವರನ್ನು ಕೇಳಿ, ಅವರು ಕೊಟ್ಟ ಪಟ್ಟಿಯಂತೆ ಕಳುಹಿಸಿ. ಗಟ್ಟಿ ರಟ್ಟಿನ ಪುಸ್ತಕಗಳನ್ನು ಅನೇಕ ಜೈಲುಗಳು ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಬೇಡವಾದ ಹಳೆಯ ಪಠ್ಯಪುಸ್ತಕಗಳನ್ನು ಮೂಟೆ ಕಟ್ಟಿ ಕಳುಹಿಸಬೇಡಿ, ಅಲ್ಲಿಯ ವಿದ್ಯಾರ್ಥಿಗೂ ಈ ವರ್ಷದ ಪಠ್ಯವೇ ಬೇಕು. ಕಾಲೇಜಿನಲ್ಲಿ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಪೂರ್ತಿ ಸೆಮಿಸ್ಟರ್ ಒಳಗೆ ಹೋಗಿ ಕಲಿಸಲು ಒಪ್ಪಿಕೊಳ್ಳಿ. ಅಂಕದಲ್ಲಿ ಕನಿಕರ ತೋರಿಸಬೇಡಿ.

ನಿಮ್ಮ ಪತ್ರವನ್ನು ಹೆಸರಿಲ್ಲದೆ, ಒಂದು ಸಾಲನ್ನೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನನ್ನ ಉತ್ತರವನ್ನು ಒಪ್ಪದಿದ್ದರೆ ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

ಇತಿ,
ಸಂಪಾದಕ